ಏಳನೇ ನಂಬರಿನ ಸೊನ್ನೆಗಳು

ಅರಸೀಕೆರೆ
11-2-2025

ಚಿ|| ನಯನಾ,

ನಿನ್ನ ಸೋದರಮಾವ ತೋಟದ ಕೊನೆಯ ತೆಂಗಿನ ಮರಕ್ಕೂ ಕೇಳಿಸುವಂತೆ ನಿನ್ನನ್ನು ಹರಸುತ್ತಿದ್ದಾನೆ, ಬೇಲೂರಿನಿಂದಲೇ ಕೇಳಿಸಿಕೋ! ನಿನ್ನ ಮೆಸೇಜು ಬಂದು ಹದಿನೈದು ದಿನವಾಯಿತು. ಉತ್ತರ ತಡವಾದದ್ದು ನನ್ನ ತಪ್ಪು. ಫೋನು ಮಾಡಬಹುದಿತ್ತು. ಆದರೆ ಫೋನು ಕಿವಿಗಿಟ್ಟರೆ ನನ್ನ ಗಂಟಲು ತಾನಾಗಿ ರಂಗಕ್ಕೇರುತ್ತದೆ, ಹೇಳಬೇಕಾದ ಮಾತು ತೆರೆಯ ಹಿಂದೆಯೇ ಉಳಿಯುತ್ತದೆ. ಅದಕ್ಕೇ ಕಾಗದ. ಅಕ್ಷರ ನಿನ್ನ ಅತ್ತೆಯದು. ಮಹಾರಾಜರು ಒಕ್ಕಣೆ ಹೇಳುವುದು, ಮಂತ್ರಿಗಳು ಬರೆದುಕೊಳ್ಳುವುದು ನಮ್ಮ ರಂಗದ ಪದ್ಧತಿ ತಾನೇ! “ಮಹಾರಾಜ್ರು ಬೇಗ ಮುಗಿಸಿದ್ರೆ ಒಲೆ ಮೇಲಿನ ಸಾರು ಉಕ್ಕಲ್ಲ” ಎನ್ನುತ್ತಿದ್ದಾಳೆ ಮಂತ್ರಿ ಶಾಂತಾದೇವಿ.

ಕೊಬ್ಬರಿ ಒಡೆದು ಮುಗಿಯಿತು. ಬರುವ ತಿಂಗಳು ಹಳೇಬೀಡಿನಲ್ಲಿ ನಮ್ಮ ತಂಡದ ನಾಟಕ. ರಕ್ಕಸ ಎಂದಿನಂತೆ ನಾನೇ: ಮೀಸೆ ಹೊಸದು, ಗದೆ ಹಳೆಯದೇ.

ಈಗ ವಿಷಯಕ್ಕೆ ಬರುತ್ತೇನೆ. ಮಸಾಜಿನಿಂದ ಭುಜದ ನೋವು ಎಷ್ಟು ಇಳಿಯುತ್ತದೆ, ತೊಂದರೆಯೇನಾದರೂ ಆಗುತ್ತದೆಯೇ ಎಂದು ತಿಳಿಯಲು ನೀನು ನಿನ್ನ ಕಾಲೇಜಿನ ಪ್ರಬಂಧಕ್ಕಾಗಿ ನಮ್ಮೂರ ಸಮುದಾಯ ಭವನದಲ್ಲಿ ಆರು ಭಾನುವಾರ ಹನ್ನೆರಡು ಜನರನ್ನು ಕೂರಿಸಿದೆಯಲ್ಲ, ಅದರಲ್ಲಿ ನಾನು ಏಳನೇ ನಂಬರು. ಮಸಾಜಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಬೇಕು. ಪುಟ್ಟಿ, ಹನ್ನೊಂದು ಜನ ಎದುರಿಗೆ ಕೂತು ನೋಡುತ್ತಿರುವಾಗ “ಸುಮಾರು ಎಂಟಿರಬಹುದು” ಎನ್ನುವ ನಟ ಭೂಮಿಯ ಮೇಲೆ ಇದ್ದಾನೆಯೇ? “ಹತ್ತು!” ಎಂದು ಗರ್ಜಿಸಿದೆ. ಮಸಾಜು ಮುಗಿದಾಗ ನೀನು ಪೆನ್ನು ಹಿಡಿದು ಆಸೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದೆ. “ಸೊನ್ನೆ!” ಎಂದೆ. ಚಪ್ಪಾಳೆ ಬಿತ್ತು. ಆರು ವಾರವೂ ಅದೇ ದೃಶ್ಯ.

ನಿಜ ಬೇಕೇ? ಎಂಟು ಇದ್ದದ್ದು ಐದಕ್ಕೆ ಇಳಿಯುತ್ತಿತ್ತು. ಹಾಯೆನಿಸುತ್ತಿದ್ದದ್ದು ಸುಳ್ಳಲ್ಲ. ಬುಧವಾರದ ಹೊತ್ತಿಗೆ ಮತ್ತೆ ಎಂಟು.

“ಏಳನೇ ನಂಬರ್ ನೋಡಿ ನಮ್ ಗೈಡ್ ಮೇಡಂ ತುಂಬಾ ಖುಷಿಯಾಗ್ಬಿಟ್ರು ಮಾವ, ಇಪ್ಪತ್ತನೇ ತಾರೀಖು ಪ್ರಬಂಧ ಒಪ್ಪಿಸ್ತಿದೀನಿ” ಎಂದು ನೀನು ಬರೆದದ್ದನ್ನು ನಿನ್ನ ಅತ್ತೆಗೆ ಹೆಮ್ಮೆಯಿಂದ ಓದಿ ಹೇಳಿದೆ. ಅವಳು ಕೈಲಿದ್ದ ಸೌಟನ್ನೇ ತೋರಿಸಿದಳು. “ಅಲ್ಲಿ ಸೊನ್ನೆ ಅಂದ್ಬಂದು ಇಲ್ಲಿ ನನ್ ಕೈಲಿ ಬಿಸಿನೀರಿನ ಶಾಖ ಕೊಡಿಸ್ಕೊಂಡ್ರಲ್ರೀ! ನಿಮ್ ನಾಟಕಕ್ಕೆ ಆ ಹುಡುಗಿ ಓದೇ ಬೇಕಾಗಿತ್ತಾ?”

ಅಂದಿನಿಂದ ಅನ್ನ ಸೇರಿಲ್ಲ. ಇದು ನಿನ್ನ ಎರಡು ವರ್ಷದ ದುಡಿಮೆ. ನನ್ನ ಸೊನ್ನೆ ನಂಬಿ ನಾಳೆ ಇನ್ನೊಬ್ಬ ಮುದುಕ ಭುಜ ಒಡ್ಡಿದರೆ? ಒಪ್ಪಿಸುವ ಮೊದಲು ಏಳನೇ ನಂಬರನ್ನು ಹೊಡೆದುಹಾಕು. ಮೇಡಂ ಸಿಟ್ಟಾದರೆ ನನ್ನ ಹತ್ತಿರ ಕಳಿಸು, ತಪ್ಪೊಪ್ಪಿಕೊಳ್ಳುತ್ತೇನೆ. ಅಭಿನಯವಿಲ್ಲದೆ.

ನಿನ್ನ ಕೈಗುಣ ನೂರು ಊರಿಗೆ ಹಬ್ಬಲಿ, ನಿನ್ನ ಹೆಸರು ಕೂಗಿದಾಗ ಸಭೆ ಎದ್ದು ನಿಲ್ಲಲಿ!

ನಿನ್ನ ಪ್ರೀತಿಯ ಮಾವ,
ಷಡಕ್ಷರಪ್ಪ

ಸಹಿಯಾದ ಮೇಲೆ ಇನ್ನೊಂದು: ಈ ಓರೆಕೋರೆ ಸಾಲುಗಳು ನನ್ನವೇ, ಎಡಗೈಯವು. ಅತ್ತೆ ಸಾರು ಇಳಿಸಲು ಒಳಗೆ ಹೋಗಿದ್ದಾಳೆ. ನಾಲ್ಕನೇ ಭಾನುವಾರ ಮಸಾಜು ಮಾಡುತ್ತಿದ್ದ ನಿನ್ನ ಸಹಪಾಠಿ ಶಶಿಕಿರಣ್ “ನೋವಾದ್ರೆ ಹೇಳಿ ಸಾರ್, ನಿಲ್ಲಿಸ್ತೀನಿ” ಎಂದು ಎರಡು ಸಲ ಕೇಳಿದ. “ರಕ್ಕಸನಿಗೆ ನೋವೇ? ಇನ್ನೂ ಒತ್ತಲಾ!” ಎಂದು ಅಬ್ಬರಿಸಿದವನು ನಾನು. ಅಂದಿನಿಂದ ಬಲಗೈಯ ಎರಡು ಬೆರಳು ಜೋಮು ಹಿಡಿದಿವೆ, ಪೆನ್ನು ಜಾರುತ್ತದೆ. ‘ತೊಂದರೆ ಏನಾದರೂ ಆಯಿತೇ’ ಎಂಬ ಖಾನೆಗೆ ಆಮೇಲೂ ‘ಇಲ್ಲ’ ಎಂದೇ ಬರೆಸಿದೆ. ಮೊನ್ನೆ ತಾಲೀಮಿನಲ್ಲಿ ಗದೆ ಕೈಯಿಂದ ಬಿತ್ತು. ಅದೂ ಅಭಿನಯವೆಂದು ಎಲ್ಲರೂ ನಕ್ಕರು. ಹಳೇಬೀಡಿನ ರಕ್ಕಸ ಈ ಸಲ ನಾನಲ್ಲ, ನಮ್ಮ ತಂಡದ ಉಮೇಶ. ಊಟಕ್ಕೆ ಕೂತಾಗ ಅತ್ತೆಗೆ ಹೇಳುತ್ತೇನೆ, ನಾಳೆ ಹಾಸನಕ್ಕೆ ಹೋಗಿ ನರದ ಡಾಕ್ಟರಿಗೆ ತೋರಿಸುತ್ತೇನೆ. ಶಶಿಕಿರಣನನ್ನು ಬೈಯಬೇಡ. ಏಳನೇ ನಂಬರನ್ನು ಹೊಡೆದೂ ಹಾಕಬೇಡ ಪುಟ್ಟಿ. ಆ ಖಾನೆಯಲ್ಲಿ ‘ಹೌದು’ ಎಂದು ಬರೆ.