ಟಾರ್ಚಿನೊಳಗಿನ ಮಾತ್ರೆಗಳು

ಮೇಳಿಗೆ,
17-7-2024

ಪ್ರೀತಿಯ ಅಜ್ಜಯ್ಯನ ಸನ್ನಿಧಾನಕ್ಕೆ,

ಮೊಮ್ಮಗಳು ಭವ್ಯಾಳ ಸಾಷ್ಟಾಂಗ. ಎದೆ ಹೇಗಿದೆ? ಸಾಗರದಲ್ಲಿ ಆಶಾ ಅತ್ತೆ ಉಪ್ಪಿಲ್ಲದ ಸಾರು ಬಡಿಸಿ ಹಿಂಸಿಸುತ್ತಿದ್ದಾಳೆಂಬ ತಮ್ಮ ದೂರು ತಲುಪಿದೆ; ವಿಚಾರಣೆಗೆ ಇಟ್ಟಿದ್ದೇನೆ. ಕನ್ನಡಕ ಕಾಣುತ್ತಿಲ್ಲ ಎಂದು ಬೈದಿರಂತೆ. ಇಲ್ಲಿ ಹುಡುಕುತ್ತಿದ್ದೇವೆ.

ನಿಮ್ಮ ರಕ್ತದ ವರದಿಯನ್ನು ಅತ್ತೆ ಫೋನಿಗೆ ಕಳಿಸಿದ್ದಳು. ಅರ್ಥವಾಗದೆ ನಮ್ಮ ಕಾಲೇಜಿನ ಜೀವಶಾಸ್ತ್ರದ ಸರೋಜ ಮೇಡಂ ಹತ್ತಿರ ಒಯ್ದೆ. ಮೈಗೆ ಗಾಯವಾದರೆ ರಕ್ತದೊಳಗಿನ ಪ್ಲೇಟ್‌ಲೆಟ್ ಎಂಬ ಕಣಗಳು ಒಂದಕ್ಕೊಂದು ಅಂಟಿಕೊಂಡು ಅದರ ಬಾಯಿ ಕಟ್ಟುತ್ತವಂತೆ. ಪರೀಕ್ಷೆಯಲ್ಲಿ ಆ ಕಣಗಳು ತುಂಬಿದ ಮಬ್ಬು ನೀರಿಗೆ ಒಂದು ಹನಿ ಮದ್ದು ಹಾಕಿ, ಬೆಳಕು ಬಿಟ್ಟು ನೋಡುತ್ತಾರೆ. ಕಣಗಳು ಗುಂಪುಗೂಡಿದಷ್ಟೂ ನೀರು ತಿಳಿಯಾಗಿ ಬೆಳಕು ದಾಟುತ್ತದೆ. ನಿಮ್ಮ ಎದೆಯ ನಾಳದಲ್ಲಿ ಅದನ್ನು ತೆರೆದಿಡುವ ಸ್ಟೆಂಟ್ ಇದೆ. ಅಲ್ಲಿ ಅವು ಗುಂಪುಗೂಡಬಾರದೆಂದೇ ದಿನಾ ಒಂದು ಮಾತ್ರೆ. ನಿಮ್ಮವೋ, ಹೊಸನಗರದ ಸ್ಟ್ಯಾಂಡಿನಲ್ಲಿ ಕೊನೆಯ ಬಸ್ಸಿನ ಬಾಗಿಲಿಗೆ ಮುತ್ತುವ ಜನರ ಹಾಗೆ ಒತ್ತೊತ್ತಾಗಿ ಸೇರಿಬಿಟ್ಟಿವೆ. "ಮಾತ್ರೆ ತಗೊಂಡೋರ ರಕ್ತ ಹಿಂಗಿರಲ್ಲ ಕಣೇ. ಇಲ್ಲಾ ಮೈಗೆ ಹಿಡೀತಿಲ್ಲ, ಇಲ್ಲಾ ಹೊಟ್ಟೆಗೇ ಹೋಗ್ತಿಲ್ಲ," ಎಂದರು ಮೇಡಂ. ನಾನು ಅವರ ಮೇಜಿನ ಮೇಲಿದ್ದ ಕಪ್ಪೆಯ ಬಾಟಲಿಯನ್ನೇ ನೋಡುತ್ತ ನಿಂತೆ.

ಡಾಕ್ಟರು ಮೈಗೆ ಹಿಡಿಯುತ್ತಿಲ್ಲವೆಂದೇ ನಂಬಿ, ನಾಳೆ ಇನ್ನೂ ಜೋರಿನ ಮಾತ್ರೆ ಬರೆಯುತ್ತಾರಂತೆ. ಅದನ್ನು ನುಂಗಿದರೆ ಹೊಟ್ಟೆಯೊಳಗೇ ರಕ್ತ ಹರಿಯಬಹುದು. ಅದನ್ನೂ ನುಂಗದಿದ್ದರೆ ಸ್ಟೆಂಟೇ ಕಟ್ಟಿಕೊಳ್ಳಬಹುದು.

ನಿಜ ಏನೆಂದು ನಿಮಗೆ ಗೊತ್ತು, ನನಗೂ ಗೊತ್ತು. ಗದ್ದೆಯಂಚಿನಲ್ಲಿ ರಕ್ತ ಹೀರುವ ಉಂಬಳ ಕಚ್ಚಿ, ಮಧ್ಯಾಹ್ನದಿಂದ ಸಂಜೆಯವರೆಗೆ ಕಾಲಿನ ರಕ್ತ ನಿಲ್ಲದ ದಿನ ತಾವು ಅಪ್ಪಣೆ ಹೊರಡಿಸಿದಿರಿ: "ಉಂಬಳದ ಕಾಲ ಮುಗಿಯೋವರೆಗೂ ಮಾತ್ರೆಗೆ ರಜೆ." ಅಂದಿನಿಂದ ಅಜ್ಜಿ ಕೈಗಿಟ್ಟ ಮಾತ್ರೆಯೆಲ್ಲ ಹಳೇ ಟಾರ್ಚಿನ ಹೊಟ್ಟೆಗೆ. ಅಣ್ಣನನ್ನು ಹೆದರಿಸಲು ಜೀರುಂಡೆ ತುಂಬೋಣವೆಂದು ನಾನು ಅದನ್ನು ಬಿಚ್ಚದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಯಾರ ಹತ್ರನೂ ಬಾಯಿ ಬಿಡ್ಬೇಡ, ನನ್ನಾಣೆ," ಎಂದು ಕೈ ಹಿಡಿದಿರಿ. ನಗುತ್ತ ಒಪ್ಪಿದೆ. ಈಗ ನಗು ಬರುತ್ತಿಲ್ಲ ಅಜ್ಜಯ್ಯ. ಸಾಗರದಲ್ಲಿ ಮಾತ್ರೆ ಅಡಗಿಸಲು ಯಾವ ಬಿಲ ಸಿಕ್ಕಿದೆಯೋ.

ಆಣೆ ಮುರಿಯುವವಳಲ್ಲ ನಾನು. ಅದಕ್ಕೇ ನಿಮಗೊಬ್ಬರಿಗೇ ಬರೆದಿದ್ದೇನೆ. ಡಾಕ್ಟರಿಗೆ ನೀವೇ ಹೇಳಿ.

ಅಜ್ಜಿ ನಿಮ್ಮ ಕ್ಷೇಮ ಕೇಳಿದ್ದಾಳೆ. ನಿಮ್ಮ ಪಾಲಿನ ಹಲಸಿನ ಹಪ್ಪಳ ಎತ್ತಿಟ್ಟಿದ್ದಾಳೆ.

ಇನ್ನು ಮುಂದಿನ ಬೈಗುಳಕ್ಕೆಲ್ಲ ಹಕ್ಕುದಾರಳಾದ,
ಭವ್ಯಾ

ತಾ.ಕ.: ಸಾಗರದ ಬಸ್ಸಿನ ಕಂಡಕ್ಟರ್ ಪುಟ್ಟಪ್ಪ ಸೀಟಿ ಊದುತ್ತಿದ್ದಾನೆ, ಪತ್ರ ಅವನ ಕೈಗೆ ಕೊಡಬೇಕು. ನಿಮ್ಮ ಕನ್ನಡಕ ನನ್ನ ಬ್ಯಾಗಿನಲ್ಲಿದೆ. ಹೊರಟ ದಿನ ತಮಾಷೆಗೆ ಕದ್ದದ್ದು, ಈಗ ಉಪಯೋಗಕ್ಕೆ ಬಂತು. ಅದಿಲ್ಲದೆ ನಿಮಗೆ ಒಂದಕ್ಷರ ಕಾಣದು. ಇಷ್ಟನ್ನೂ ಅತ್ತೆಯೇ ಗಟ್ಟಿಯಾಗಿ ಓದಿರಬೇಕು. ಅತ್ತೆ, ಲಕೋಟೆಯ ತಳ ನೋಡು. ಟಾರ್ಚಿನ ಹೊಟ್ಟೆಯಲ್ಲಿದ್ದ ಹದಿನೆಂಟು ಮಾತ್ರೆಗಳಿವೆ. ನಾಳೆ ಡಾಕ್ಟರ ಮೇಜಿನ ಮೇಲೆ ಸುರಿ.