ಗ್ರೀಸ್ ಹಚ್ಚಿದ ಸ್ಕ್ರೂ

ನಾಲ್ಕು ಬೀದಿ ಆಚೆ ಇರುವ ಅಳಿಯಂದಿರಿಗೆ ಮಾವನ ಆಶೀರ್ವಾದಗಳು.

ನಡೆದರೆ ಏಳು ನಿಮಿಷದ ದಾರಿಗೆ ಈ ಮುದುಕ ಕಾಗದ ಯಾಕೆ ಬರೆದ ಎಂದು ನೀವು ಕನ್ನಡಕ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದೀರಿ, ಬಲ್ಲೆ. ಎದುರು ನಿಂತರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಒಂದು ತಪ್ಪು ಒಪ್ಪಿಕೊಳ್ಳಲು ಹೊರಟವನು ಮೂರು ಜೋಕು ಹೇಳಿ, ನಿಮ್ಮ ಮನೆಯ ಕಾಫಿ ಕುಡಿದು, ತಪ್ಪನ್ನು ಜೇಬಿನಲ್ಲಿಟ್ಟುಕೊಂಡೇ ವಾಪಸು ಬರುತ್ತೇನೆ. ತಪ್ಪು ನನ್ನದೆಂದು ಗೊತ್ತಾದ ಈ ಎರಡು ವಾರದಲ್ಲಿ ಎರಡು ಸಲ ಹಾಗೇ ಆಯಿತು.

ಮೊನ್ನೆ ಶನಿವಾರ ಮಗಳು ಬಂದಿದ್ದಳು. “ಅಪ್ಪ, ಇವ್ರು ರಿಮೋಟನ್ನ ಮೈದಾನಕ್ಕೆ ಬರೋ ಹಲ್ಲಿನ ಡಾಕ್ಟ್ರಿಗೆ ಕೊಟ್ಟುಬಿಡ್ತಾರಂತೆ. ಇನ್ನು ಆ ಆಟದ ಹೆಲಿಕಾಪ್ಟರ್ ಮುಟ್ಟಲ್ವಂತೆ. ಕನ್ನಡಕದ ಅಂಗಡೀಲೂ ಅಷ್ಟೇ, ಸಣ್ಣ ಸ್ಕ್ರೂ ಕೆಲಸ ಬಂದ್ರೆ ಪಕ್ಕದವರ ಕೈಗೆ ದಾಟಿಸ್ತಾರೆ. ಕೈ ಮೇಲೆ ನಂಬಿಕೆ ಹೋಯ್ತು ಅಂತಾರೆ” ಎಂದಳು. ಕಚ್ಚಲು ಹೊರಟ ಬಿಸ್ಕತ್ತನ್ನು ತಟ್ಟೆಗೇ ವಾಪಸು ಇಟ್ಟೆ. ಹದಿನಾರು ವರ್ಷ ಕನ್ನಡಕ ಕೂರಿಸಿದ ಕೈ ಅದು!

ಅದಕ್ಕೇ ಮುಖ್ಯ ವಿಷಯ ಮೊದಲು ಬರೆದುಬಿಡುತ್ತೇನೆ. ಆ ಭಾನುವಾರ ಹೆಲಿಕಾಪ್ಟರ್ ಬಿದ್ದದ್ದು ನಿಮ್ಮ ಕೈಯಿಂದಲ್ಲ. ನನ್ನಿಂದ. ಇನ್ನು ಮುಂದಿನದೆಲ್ಲ ವಿವರ. ಪೂರ್ತಿ ಓದಿ, ನಡುವೆ ಎದ್ದು ಹೋಗಬೇಡಿ.

ನೀವು ಮೊದಲ ಸಲ ಅದನ್ನು ನನ್ನ ಪಂಪ್ ರಿಪೇರಿ ಅಂಗಡಿಗೆ ತಂದದ್ದು ಬರೀ ಒಂದು ವೈರಿಗೆ ಬೆಸುಗೆ ಹಾಕಿಸಲು. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ, ಸೊಳ್ಳೆಯಂಥ ಮೈ. ನಾನು ನಕ್ಕೆ. ಮೂರು ಜನ ಸೇರಿ ಎತ್ತುವ ಮೋಟಾರು ಬಿಚ್ಚುವವನ ಮುಂದೆ ಮಗಳ ಗಂಡ ಆಟದ ಸಾಮಾನು ಹಿಡಿದು ನಿಂತರೆ ಇನ್ನೇನು ಮಾಡಲಿ? ಬೆಸುಗೆ ಆದದ್ದೇ ನೀವು ಅಂಗಳಕ್ಕೆ ಹೋಗಿ ಅದನ್ನು ನನ್ನ ಎದೆಯ ಎತ್ತರಕ್ಕೆ ಏರಿಸಿ ಅಲ್ಲೇ ನಿಲ್ಲಿಸಿದಿರಿ. ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ ನಿಂತಿತ್ತು. ಗಿರಾಕಿಗಳು ಪಂಪು ಮರೆತರು, ನಾನು ಗಿರಾಕಿಗಳನ್ನು ಮರೆತೆ. ನಿಮ್ಮ ಅತ್ತೆ ಬಾಗಿಲಿಗೆ ಬಂದು, “ಮಾವ ಅಳಿಯ ಇಬ್ರೂ ಒಂದೇ ತರಗತಿ, ಒಬ್ರಿಗೆ ಕನ್ನಡಕ ಇದೆ ಅಷ್ಟೇ” ಅಂದಳು.

ಆಮೇಲಿನ ಎರಡು ವರ್ಷ ನನ್ನ ಭಾನುವಾರಗಳೆಲ್ಲ ನಿಮ್ಮವು. ಹಾರಿಸುವುದು ನೀವು, ಬಿಚ್ಚಿ ಕಟ್ಟುವುದು ನಾನು. ಇಬ್ಬರಿಗೂ ಆ ಒಪ್ಪಂದ ಒಗ್ಗಿತ್ತು. ಕೆಡಿಸಿದ್ದು ನನ್ನ ಆಸೆ. ರೆಕ್ಕೆಗಳನ್ನು ಹಿಡಿದಿರುವ ಮೇಲಿನ ಭಾಗಕ್ಕೆ ನೀವು ಹೆಡ್ ಅನ್ನುತ್ತೀರಲ್ಲ, ಅದು ಪ್ಲಾಸ್ಟಿಕ್ಕಿನದು ಎನ್ನುವುದು ನನಗೆ ಹಲ್ಲಿನ ಸಂದಿಯ ನಾರಿನ ಹಾಗಿತ್ತು. ನೀವು ಹೇಳಿದಿರಿ: “ಮಾವ, ಮೋಟಾರು ಬದಲಾಯಿಸೋಣ, ಹೆಡ್ ಹಾಗೇ ಇರ್ಲಿ. ಬಿದ್ರೆ ಅದೊಂದು ಮುರಿಯುತ್ತೆ, ಉಳಿದದ್ದು ಉಳಿಯುತ್ತೆ.” ನಾನು, “ಬೀಳೋ ಲೆಕ್ಕ ಹಾಕ್ಕೊಂಡು ಯಾರಾದ್ರೂ ಹಾರಿಸ್ತಾರಾ ಅಳಿಯಂದ್ರೆ?” ಅಂದೆ. ಈ ಮಾತಿಗೆ ನಾನೇ ಚಪ್ಪಾಳೆ ತಟ್ಟಿಕೊಂಡೆ ಎಂದು ಕಾಣುತ್ತದೆ.

ಹೊಸ ಮೋಟಾರಿನ ಜೊತೆ ಅಲ್ಯೂಮಿನಿಯಂ ಹೆಡ್ಡೂ ಬಂತು. ಬೆಳ್ಳಿಯ ಒಡವೆ ಹಾಗೆ ಹೊಳೆಯುತ್ತಿತ್ತು. ನಿಮ್ಮ ಅತ್ತೆಯ ಅಡುಗೆಮನೆಯ ತಕ್ಕಡಿ ತಂದು ತೂಗಿದೆ. ಹಳೆಯದು ಮೂವತ್ತೆಂಟು ಗ್ರಾಂ, ಹೊಸದು ಅರವತ್ತೊಂದು. ಇಪ್ಪತ್ಮೂರು ಗ್ರಾಂ ಹೆಚ್ಚಾಯಿತಲ್ಲ ಎಂದು ನೀವು ತಲೆ ಕೆರೆದುಕೊಂಡಾಗ, ಹೊಸ ಮೋಟಾರಿನ ಶಕ್ತಿಗೆ ಅದು ಉಪ್ಪಿನ ಚಿಟಿಕೆ ಎಂದೆ. ಆ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ತೂಕಕ್ಕೆ ಸಿಗದ ಒಂದು ಕಡೆ.

ಅಂದು ನೀವು ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. “ಮಾವ, ಸ್ಕ್ರೂಗಳಿಗೆ ನೀಲಿ ಗಮ್ ಹಾಕಿದ್ರಾ? ಪ್ಲಾಸ್ಟಿಕ್ಕಲ್ಲಿ ಸ್ಕ್ರೂ ಕಚ್ಕೊಂಡಿರುತ್ತೆ, ಲೋಹದಲ್ಲಿ ಅದುರಿ ಅದುರಿ ತಾನಾಗೇ ಬಿಚ್ಚಿಕೊಳ್ಳುತ್ತೆ. ನಮ್ಮ ಕನ್ನಡಕದ ಕೀಲಿನ ಸ್ಕ್ರೂಗೂ ಒಂದು ಹನಿ ಬಿಟ್ಟೇ ಬಿಡ್ತೀವಿ.” ನಾನು ಏನಂದೆ? “ನಲವತ್ತು ವರ್ಷದಿಂದ ಬೋಲ್ಟ್ ಕೂರಿಸ್ತಿದ್ದೀನಿ, ನನಗೆ ಗಮ್ಮಿನ ಪಾಠ ಬೇಡ” ಅಂದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ನಾನೇ.

ಪಂಪಿನ ಕೆಲಸದಲ್ಲಿ ನನ್ನ ಗುರು ಕಲಿಸಿದ ಮೊದಲ ಪಾಠ ಒಂದು. “ಬೋಲ್ಟಿಗೆ ಗ್ರೀಸ್ ಹಚ್ಚಿ ಕೂರಿಸೋ, ನಾಳೆ ಬಿಚ್ಚೋನೂ ನೀನೇ.” ಸದಾ ನೀರಿನಲ್ಲಿ ಮುಳುಗಿರುವ ಸಾಮಾನು, ತುಕ್ಕು ಹಿಡಿದರೆ ಸುತ್ತಿಗೆಗೂ ಬಗ್ಗುವುದಿಲ್ಲ. ಹಾಗಾಗಿ ನನ್ನ ಬೆರಳು ಸ್ಕ್ರೂ ಹಿಡಿದ ಕೂಡಲೇ ತಾನಾಗಿ ಗ್ರೀಸ್ ಡಬ್ಬಿಗೆ ಹೋಗುತ್ತದೆ, ನನ್ನನ್ನು ಕೇಳುವುದಿಲ್ಲ. ಅಂದೂ ಹೋಯಿತು. ಹನ್ನೊಂದು ಸ್ಕ್ರೂಗಳಿಗೂ ಅಚ್ಚುಕಟ್ಟಾಗಿ ಹಚ್ಚಿ, ನುಣ್ಣಗೆ ಕೂರಿಸಿದೆ. ಯಾವುದು ಕಚ್ಚಿ ಹಿಡಿಯಬೇಕೋ ಅದಕ್ಕೆ ಜಾರುವ ದಾರಿ ನಾನೇ ಮಾಡಿಕೊಟ್ಟೆ.

ಭಾನುವಾರ ಮೈದಾನಕ್ಕೆ ಹೋದೆವು. ಹಲ್ಲಿನ ಡಾಕ್ಟರು, ಅವರ ಜೊತೆ ಆಟದ ವಿಮಾನ ಹಾರಿಸುವ ಇನ್ನೂ ನಾಲ್ವರು. “ಯಾರ ಕೈಚಳಕ ಇದು?” ಎಂದು ಅವರು ಕೇಳಿದಾಗ “ನಂದೇ” ಎಂದೆ, ನೀವು ಪಕ್ಕದಲ್ಲೇ ಇದ್ದಿರಿ. ಎರಡು ಸುತ್ತು ಹಾರಿತು. ಆ ಹಾರಾಟ ನೋಡಿ ನಾನು ಮೀಸೆ ಮುಟ್ಟಿಕೊಂಡೆ. ಮೂರನೆಯ ಸುತ್ತಿನಲ್ಲಿ ತೆಂಗಿನ ಮರದಷ್ಟು ಎತ್ತರದಿಂದ ಒಮ್ಮೆಗೇ ಮಗುಚಿ, ಹುಲ್ಲಿಗೆ ತಲೆ ಕೊಟ್ಟಿತು. ಎಲ್ಲರೂ ಓಡಿದರು. ನಾನು ಓಡುವ ಮೊದಲೇ ಮಾತಾಡಿದೆ. “ಅಯ್ಯೋ, ಹೆಬ್ಬೆರಳು ಜೋರಾಗಿ ಒತ್ತಿಬಿಟ್ರಿ ಅಳಿಯಂದ್ರೆ! ಹೊಸ ಮೋಟಾರು, ಮೆದುವಾಗಿ ಹಿಡೀಬೇಕು ಅಂತ ಹೇಳಿದ್ನಲ್ಲ!” ಐದು ಜನರ ಮುಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೂ ಅನ್ನಲಿಲ್ಲ, ನಿಮ್ಮನ್ನೇ ಅಂದೆ.

ನೀವು ಜಗಳ ಆಡಿದ್ದರೆ ಚೆನ್ನಾಗಿತ್ತು. “ಹೌದೇನೋ ಮಾವ” ಎಂದು ಕರವಸ್ತ್ರ ಹಾಸಿ ಚೂರುಗಳನ್ನು ಒಂದೊಂದಾಗಿ ಆಯ್ದುಕೊಂಡಿರಿ. ನಾನು ಅಂದದ್ದನ್ನು ನಂಬಿಬಿಟ್ಟಿರಿ. ಜೀವಮಾನದಲ್ಲಿ ನನ್ನ ಮಾತನ್ನು ಪ್ರಶ್ನೆಯಿಲ್ಲದೆ ನಂಬಿದವರು ನೀವೊಬ್ಬರೇ. ಅದೂ ಸುಳ್ಳು ಹೇಳಿದ ದಿನ!

ಚೂರುಗಳ ಡಬ್ಬಿ ಮೂರು ವಾರ ನನ್ನ ಮೇಜಿನ ಕೆಳಗಿತ್ತು. ಆಮೇಲೊಂದು ಬೆಳಗ್ಗೆ ಗಿರಾಕಿ ಇಲ್ಲದ ಹೊತ್ತಿಗೆ ಬಿಚ್ಚಿದೆ. ರೆಕ್ಕೆಯ ಓರೆ ಬದಲಿಸುವ ಎರಡು ಕಡ್ಡಿಗಳಿವೆಯಲ್ಲ, ಅದರಲ್ಲೊಂದನ್ನು ಹಿಡಿದಿಡುವ ಸ್ಕ್ರೂ ಇರಲಿಲ್ಲ. ಮುರಿದು ಹೋಗಿದ್ದರೆ ತುಂಡು ಒಳಗೆ ಉಳಿಯಬೇಕಿತ್ತು. ರಂಧ್ರ ಖಾಲಿ, ಅದರೊಳಗಿನ ತಿರುಪಿನ ಎಳೆಗಳಿಗೆ ಒಂದು ಗೀರೂ ಇಲ್ಲ. ಬೆಂಕಿಕಡ್ಡಿ ತುದಿ ತೂರಿಸಿ ತೆಗೆದು ಮೂಸಿದೆ. ನನ್ನ ಅಂಗಡಿಯ ಕೆಂಪು ಗ್ರೀಸು. ಆ ವಾಸನೆ ಗುರುತಿಸಲು ಯಾವ ಪಂಡಿತನೂ ಬೇಡ, ನಲವತ್ತು ವರ್ಷದಿಂದ ನನ್ನ ಊಟದಲ್ಲೂ ಇದೆ. ಆಕಾಶದಲ್ಲೇ ಸ್ಕ್ರೂ ಕಳಚಿ ಒಂದು ರೆಕ್ಕೆ ನಿಮ್ಮ ಮಾತು ಕೇಳಿದೆ, ಇನ್ನೊಂದು ಕೇಳಿಲ್ಲ. ಯಾವ ಹೆಬ್ಬೆರಳಿದ್ದರೂ ಅದನ್ನು ಉಳಿಸಲಾಗುತ್ತಿರಲಿಲ್ಲ.

ಆದರೂ ನನ್ನೊಳಗಿನ ವಕೀಲ ಸುಮ್ಮನಿರಲಿಲ್ಲ. ಬಿದ್ದ ಪೆಟ್ಟಿಗೇ ಸ್ಕ್ರೂ ಬಿಚ್ಚಿರಬಹುದಲ್ಲ ಎಂದು ವಾದ ಹೂಡಿದ. ಸರಿ, ಪರೀಕ್ಷೆ ಮಾಡಿಯೇ ಬಿಡೋಣ ಎಂದು ಹೆಡ್ ತಿರುಗಿಸುವ ಹೊಸ ದಂಡ ಹಾಕಿ, ರೆಕ್ಕೆ ತೆಗೆದು, ಮೈಯನ್ನು ಮೇಜಿಗೆ ಬಿಗಿದು ಮೋಟಾರು ಓಡಿಸಿದೆ. ಗ್ರೀಸ್ ಹಚ್ಚಿದ ಸ್ಕ್ರೂ ಎರಡನೆಯ ಬ್ಯಾಟರಿ ಮುಗಿಯುವಷ್ಟರಲ್ಲಿ ಅರ್ಧ ಸುತ್ತು ಹೊರಗೆ ಬಂದಿತ್ತು. ಒರೆಸಿ ನೀಲಿ ಗಮ್ ಹಾಕಿ ಕೂರಿಸಿದ್ದು ಆರು ಬ್ಯಾಟರಿ ಓಡಿದರೂ ಕೂದಲೆಳೆಯಷ್ಟು ಅಲುಗಲಿಲ್ಲ. ವಕೀಲ ಫೈಲು ಮಡಚಿದ.

ನಿಮ್ಮ ಅತ್ತೆಗೆ ಹೇಳಿದೆ. “ಗೊತ್ತಾಗಿ ಎಷ್ಟು ದಿನ ಆಯ್ತು?” ಅಂದಳು. ಎರಡು ವಾರ ಎಂದೆ. “ಗ್ರೀಸ್ ಹಚ್ಚಿದ್ದು ಅಭ್ಯಾಸ, ಬಿಡಿ. ಎರಡು ವಾರ ಬಾಯಿ ಮುಚ್ಕೊಂಡಿದ್ರಲ್ಲ, ಅದೂ ಅಭ್ಯಾಸಾನಾ?” ಎಂದು ಕೇಳಿ ತಕ್ಕಡಿ ಎತ್ತಿಕೊಂಡು ಹೋದಳು. ಇನ್ನೂ ವಾಪಸು ಕೊಟ್ಟಿಲ್ಲ.

ಐದು ಜನರ ಎದುರು ಅಂದದ್ದನ್ನು ಕಾಗದದಲ್ಲಿ ಗುಟ್ಟಾಗಿ ವಾಪಸು ತೆಗೆದುಕೊಂಡರೆ ತೂಕ ಸರಿಹೋಗುವುದಿಲ್ಲ. ಅದಕ್ಕೇ ನಿನ್ನೆ ಒಬ್ಬನೇ ಮೈದಾನಕ್ಕೆ ಹೋದೆ. ಐವರನ್ನೂ ಕರೆದು, ಖಾಲಿ ರಂಧ್ರ ತೋರಿಸಿ, “ತಪ್ಪು ನಂದು. ಅಳಿಯಂದ್ರು ಮುಂಚೇನೇ ಎಚ್ಚರಿಸಿದ್ರು, ನಾನು ಕೇಳಲಿಲ್ಲ” ಎಂದೆ. ನಡುವೆ ಜೋಕು ಬರುತ್ತಿತ್ತು, ನುಂಗಿಕೊಂಡೆ. ಹಲ್ಲಿನ ಡಾಕ್ಟರು ನಿಟ್ಟುಸಿರು ಬಿಟ್ಟರು: “ಒಳ್ಳೇದಾಯ್ತು ಯಜಮಾನ್ರೇ, ಆದ್ರೆ ನಂಗೆ ಬರೋ ರಿಮೋಟು ಹೋಯ್ತಲ್ಲ! ಇನ್ನೊಂದು ವಾರ ತಡ್ಕೊಂಡು ಒಪ್ಕೊಳ್ಳಕ್ಕೆ ಏನಾಗಿತ್ತು?” ನಿಮಗೆ ನಾನೇ ತಿಳಿಸುತ್ತೇನೆ, ಅಲ್ಲಿಯವರೆಗೆ ಯಾರೂ ಬಾಯಿ ಬಿಡಬೇಡಿ ಎಂದು ಕೇಳಿಕೊಂಡು ಬಂದೆ.

ಮೈ ಸರಿಮಾಡಿದ್ದೇನೆ. ಬಾಲ ಹೊಸದು, ದಂಡ ಹೊಸದು, ಮೋಟಾರು ಬದುಕಿಕೊಂಡಿದೆ. ಹೆಡ್ ಮಾತ್ರ ಕಟ್ಟಿಲ್ಲ. ಈ ಕಾಗದದ ಜೊತೆ ಮಗಳ ಕೈಯಲ್ಲಿ ಎರಡು ಹೆಡ್ ಕಳಿಸುತ್ತಿದ್ದೇನೆ, ಒಂದು ಪ್ಲಾಸ್ಟಿಕ್ಕಿನದು, ಒಂದು ಹೊಳೆಯುವುದು. ಯಾವುದು ಬೇಕೋ ನೀವೇ ಆರಿಸಿ. ಸ್ಕ್ರೂಗಳನ್ನು ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಪೊಟ್ಟಣ ಕಟ್ಟಿದ್ದೇನೆ. ಗಮ್ಮಿನ ಬಾಟಲಿಯೂ ಇದೆ. ನಿಮ್ಮ ಅಂಗಡಿಯಲ್ಲಿ, ನಿಮ್ಮ ದೀಪದ ಕೆಳಗೆ, ನಿಮ್ಮ ಸಣ್ಣ ಸ್ಕ್ರೂಡ್ರೈವರಿನಿಂದ ಕೂರಿಸಿ ತನ್ನಿ. ಆತುರವಿಲ್ಲ.

ನನ್ನ ಅಂಗಡಿಯಿಂದ ಯಾವ ಪಂಪೂ ಇನ್ನೊಬ್ಬರ ಬಿಗಿತವನ್ನು ನಂಬಿ ಹೊರಗೆ ಹೋಗಿಲ್ಲ, ಕೊನೆಗೊಮ್ಮೆ ನಾನು ಪ್ರತಿ ಬೋಲ್ಟನ್ನೂ ತಿರುಗಿಸಿ ನೋಡುತ್ತೇನೆ. ಇದನ್ನು ನೋಡುವುದಿಲ್ಲ. ನೀವು ತಂದ ಹೆಡ್ಡನ್ನು ಹಾಗೇ ಮೈಗೆ ಏರಿಸುತ್ತೇನೆ, ನೀವು ಹಾರಿಸುತ್ತೀರಿ. ಯಾರಾದರೂ “ಯಾರ ಕೈಚಳಕ?” ಎಂದು ಕೇಳಿದರೆ ಉತ್ತರ ಹೇಳಲು ನಾನಿದ್ದೇನೆ.

ಭಾನುವಾರ ಬೆಳಗ್ಗೆ ಎಂಟಕ್ಕೆ ಅಂಗಡಿಯ ಬಾಗಿಲು ತೆರೆದಿಟ್ಟಿರುತ್ತೇನೆ. ನಿಮ್ಮ ಕೈಗೆ ಮೊದಲಿನ ಧೈರ್ಯ ಬರಲಿ, ನಿಮ್ಮ ಕಣ್ಣಿಗೆ ಆಕಾಶ ಸದಾ ತಿಳಿಯಾಗಿರಲಿ.

ಹೆಣ್ಣು ಕೊಟ್ಟು ಗೆದ್ದವನು, ಗ್ರೀಸ್ ಹಚ್ಚಿ ಸೋತವನು,
ನಿಮ್ಮ ಮಾವ