ಹುಳ ಸೊಪ್ಪು ತಿನ್ನೋ ಸದ್ದು

ಪವಿತ್ರಮ್ಮ,

ನಿಮ್ಮ ಚಿಕ್ಕಮ್ಮನ ಮನೆ ನಾಮಕರಣಕ್ಕೆ ಕೆಂಚಾರ್ಲಹಳ್ಳಿಗೆ ಹೊರಟೆ. ಸಾಯಂಕಾಲ ಐದಕ್ಕೆಲ್ಲ ಬರ್ತೀನಿ. ಉಪ್ಸಾರು ಒಲೆ ಮೇಲಿದೆ, ಮುದ್ದೆ ಹಾಟ್‌ಬಾಕ್ಸಲ್ಲಿದೆ. ಉಣ್ಣದೆ ಇರಬೇಡ.

ಹನ್ನೊಂದಕ್ಕೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕು. ಎದೆ ಡವಡವ ಅಂದಾಗ ಮೂಸೋಕೆ ಅಂತ ತರಿಸ್ಕೊಂಡಿದ್ದೀಯಲ್ಲ, ಆ ಲ್ಯಾವೆಂಡರ್ ಎಣ್ಣೆ ಹಚ್ಚಿಕೊಂಡು ಹುಳದ ಮನೆಗೆ ಕಾಲಿಟ್ಟೆಯೋ, ನೋಡು! ಮೊನ್ನೆ ಆ ವಾಸನೆಗೆ ಒಂದು ತಟ್ಟೆ ಹುಳ ಸೊಪ್ಪೇ ಮುಟ್ಟಲಿಲ್ಲ.

ಕಾಯಿಲೆ ಶುರುವಾದ ಮೇಲೆ ನೀನು ಒಬ್ಬಳೇ ಇರೋದು ಇದೇ ಮೊದಲು, ಗೊತ್ತು. ಗಾಬರಿಯಾದರೆ ಕೌನ್ಸೆಲರ್ ಮೇಡಂ ಹೇಳಿದ ಹಾಗೆ ಕಣ್ಣಿಗೆ ಕಾಣೋ ಐದು ವಸ್ತು, ಕೈಗೆ ಸಿಗೋ ನಾಲ್ಕು ವಸ್ತು ಎಣಿಸು. ಎಣಿಕೆ ತಪ್ಪಿದರೆ ಅಳಬೇಡ ಕಣೇ. ಹುಳದ ಮನೆಯ ತಣ್ಣನೆ ನೆಲದ ಮೇಲೆ ಬರಿಗಾಲಲ್ಲಿ ಕೂತು, ಅವು ಸೊಪ್ಪು ತಿನ್ನೋ ಸದ್ದು ಕೇಳು. ಸೋನೆ ಹಿಡಿದ ಹಾಗಿರುತ್ತೆ. ಒಂದು ಹುಳ ಒಂದು ಎಲೆ ಮುಗಿಸೋವರೆಗೂ ಅದನ್ನೇ ನೋಡ್ತಿರು.

ನಿಮ್ಮಪ್ಪ ತೀರಿಕೊಂಡ ವರ್ಷ ನಾನು ರಾತ್ರಿಯೆಲ್ಲ ಹುಳಕ್ಕೆ ಏನಾಯ್ತೋ ಅಂತ ಗಂಟೆಗೊಂದು ಸಲ ಎದ್ದು ಹೋಗಿ, ಅದೇ ನೆಲದ ಮೇಲೆ ಕೂರ್ತಿದ್ದೆ. ಅಮ್ಮನಿಗೆ ನನಗಿಂತ ಹುಳಾನೇ ಹೆಚ್ಚು ಅಂತ ನೀನು ಮುನಿಸ್ಕೊಂಡಿದ್ದೆ.

ಹುಳಕ್ಕೆ ಏನೂ ಆಗಿರಲಿಲ್ಲ ಕಣಮ್ಮ.

ಅಮ್ಮ